ಹದಿನೇಳು ಮನೆಯ ಗುರುತು

ಕಾಗದದ ಮೇಲೆ ಸಹಿ ಹಾಕಲು ಹೆದರಿದ ಜನ ಬಟ್ಟೆಯಲ್ಲಿ ಗುರುತು ನೇಯಲು ಹೆದರಲಿಲ್ಲ. ಎಡವಿದ್ದು ಅಲ್ಲೇ. ಅವರನ್ನು ಎಡವಿಸಿದವನು ತಾನೇ ಎಂದು ರಾಮಲಿಂಗಯ್ಯನಿಗೆ ಅರಿವಾಗುವಷ್ಟರಲ್ಲಿ ಆ ಬಟ್ಟೆ ಕೈದಾಟಿ ಎರಡು ತಿಂಗಳಾಗಿತ್ತು.

ಕೊಳ್ಳೇಗಾಲದ ಆ ನೇಕಾರರ ಬೀದಿಗೆ ರಾಮಲಿಂಗಯ್ಯನೇ ಹಿರಿಯ. ಅರವತ್ತೆಂಟು ವರ್ಷದಲ್ಲಿ ಐವತ್ತನ್ನು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟೇ ಕಳೆದವನು. ಅಣ್ಣತಮ್ಮಂದಿರ ಜಗಳವಿರಲಿ, ಹೆಣ್ಣು ಕೇಳುವ ಮಾತಿರಲಿ, ಬೀದಿಯವರು ಮೊದಲು ಬರುವುದು ಅವನ ಜಗಲಿಗೆ. ‘ರಾಮಲಿಂಗಣ್ಣ ಮಾತು ಕೊಟ್ಟವ್ನೆ’ ಎಂದರೆ ಅಲ್ಲಿಗೆ ಮುಗಿಯಿತು. ಈ ವಿಷಯದಲ್ಲಿ ಅವನಿಗೆ ಒಂದಿಷ್ಟು ಜಂಬವೂ ಇತ್ತೆನ್ನಿ. ಐವತ್ತು ವರ್ಷ ಬೆನ್ನು ಬಗ್ಗಿಸಿದವನಿಗೆ ಅಷ್ಟೂ ಇರಬಾರದೇ?

ಸಂಕ್ರಾಂತಿ ಕಳೆದ ವಾರ ಅವನ ಅಕ್ಕನ ಮಗ ನಿರಂಜನ್ ಯಳಂದೂರಿನಿಂದ ಬಂದ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುವ ಮೇಷ್ಟ್ರು. ವಯಸ್ಸು ನಲವತ್ತು ದಾಟಿದ್ದರೂ ಮಾವನ ಮುಂದೆ ಕೈಕಟ್ಟಿಯೇ ನಿಲ್ಲುವವನು. ಬ್ಯಾಗಿನ ತುಂಬ ಕರಪತ್ರ ತಂದಿದ್ದ. ಅಕ್ಕಪಕ್ಕದ ದೇಶಗಳೆಲ್ಲ ಸೇರಿ ಒಂದು ಒಕ್ಕೂಟವಾಗಬೇಕು ಎನ್ನುವುದು ಅದರ ಸಾರ. ಭಾರತ, ನೇಪಾಳ, ಭೂತಾನ, ಬಾಂಗ್ಲಾ, ಲಂಕೆ, ಎಂದಾದರೊಂದು ದಿನ ಪಾಕಿಸ್ತಾನವೂ. ಬಾವುಟ ಅವರವರದೇ ಇರಲಿ, ಸಂತೆ ಮಾತ್ರ ಒಂದೇ ಆಗಲಿ. ಎಲ್ಲಕ್ಕೂ ಮೇಲೆ ಒಂದು ಕೂಡುಸಭೆ, ಅದರಲ್ಲಿ ಎಲ್ಲರಿಗೂ ಕುರ್ಚಿ. ಸರ್ಕಾರಗಳು ತಾವಾಗಿ ಇದನ್ನು ಮಾಡುವುದಿಲ್ಲ, ಜನ ಕೇಳಬೇಕು. ಹಾಗೆ ಕೇಳುವಂತೆ ಜನರನ್ನು ಒಪ್ಪಿಸಲು ಒಂದು ಸಮಿತಿ ಹುಟ್ಟಿಕೊಂಡಿತ್ತು. ಈ ಸೀಮೆಯಲ್ಲಿ ಆ ಸಮಿತಿ ಎಂದರೆ ನಿರಂಜನ್, ನಿರಂಜನ್ ಎಂದರೆ ಆ ಸಮಿತಿ.

ಭಾನುವಾರ ಚೌಡೇಶ್ವರಿ ಗುಡಿಯ ಮುಂದೆ ಸಭೆ ಸೇರಿತು.

“ಇಲ್ಲಿ ನೇಯ್ದ ಸೀರೆ ಲಂಕೆಯ ಜಾಫ್ನಾದಲ್ಲಿ ಮಾರಬೇಕಾದ್ರೆ ಇವತ್ತು ಹತ್ತು ಕಚೇರಿ ಬಾಗಿಲು ತಟ್ಟಬೇಕು,” ಎಂದ ನಿರಂಜನ್. “ಒಕ್ಕೂಟ ಆದ್ರೆ ಮೈಸೂರಿಗೆ ಕಳಿಸಿದಂಗೆ ಕಳಿಸ್ಬೋದು. ಯುರೋಪಿನೋರು ಎರಡು ಸಲ ಒಬ್ರನ್ನೊಬ್ರು ಕೊಂದ್ಕೊಂಡು ಆಮೇಲೆ ಬುದ್ಧಿ ಕಲಿತ್ರು. ನಾವು ಸ್ವಲ್ಪ ಬೇಗ ಕಲೀಬೋದಲ್ವಾ?”

ರೇಷ್ಮೆಗೂಡು ಮಾರಲು ಧನಗೆರೆಯಿಂದ ಬಂದಿದ್ದ ದೊಡ್ಡಸಿದ್ದಯ್ಯ ಹಿಂದಿನಿಂದ ಎದ್ದು ನಿಂತ. “ಸಾ, ಕಾವೇರಿ ಗಲಾಟೆ ಬಂದ್ರೆ ಸತ್ಯಮಂಗಲದ ಬಸ್ಸೇ ನಿಂತೋಯ್ತದೆ. ಎರಡು ರಾಜ್ಯನೇ ಒಟ್ಗಿರಕ್ಕಾಗಲ್ಲ, ನೀವು ದೇಸಗಳ್ನೇ ಕೂಡುಸ್ತೀನಿ ಅಂತೀರಿ. ಅತ್ಲಾಗಿಂದ ಅಗ್ಗದ ರೇಷ್ಮೆ ಬಂದು ಬಿದ್ರೆ ನಮ್ ಗೂಡ ಯಾರು ಮೂಸ್ತಾರೆ?”

ಜನ ನಕ್ಕರು. ನಿರಂಜನ್ ನಗಲಿಲ್ಲ. ಒಳ್ಳೆಯ ಪ್ರಶ್ನೆ ಎಂದು ಪುಸ್ತಕದಲ್ಲಿ ಬರೆದುಕೊಂಡ. ಎದುರು ನುಡಿದವನ ಮಾತನ್ನು ಬರೆದುಕೊಳ್ಳುವ ಮನುಷ್ಯ ಈ ಕಾಲದಲ್ಲಿ ಎಷ್ಟು ದಿನ ಬಾಳಿಯಾನು ಎಂದು ರಾಮಲಿಂಗಯ್ಯನಿಗೆ ಪ್ರೀತಿಯೂ ಆಯಿತು, ಅಳುಕೂ ಆಯಿತು.

ಸಹಿಯ ಹಾಳೆ ಹೊರಬಂದದ್ದೇ ತಡ, ಒಬ್ಬನಿಗೆ ಹಾಲು ತರುವುದು ನೆನಪಾಯಿತು, ಇನ್ನೊಬ್ಬನಿಗೆ ಹೊಟ್ಟೆನೋವು ಬಂತು. ಎದುರುಮನೆಯ ಚೌಡೇಶ್ ಮಾತ್ರ ಇದ್ದದ್ದನ್ನು ಇದ್ದಂತೆ ಹೇಳಿದ. “ಎಸ್ರು, ಫೋನ್ ನಂಬ್ರು, ಎಲ್ಲಾ ಬರಸ್ಕತೀರ. ನಾಳೆ ಯಾವನೋ ಬಂದು ಪಾಕಿಸ್ತಾನದ ಪರ ಸಹಿ ಆಕಿದ್ಯಾ ಅಂದ್ರೆ ನಾನೇನು ಏಳ್ಳಿ? ಬ್ಯಾಡ ಕಣಪ್ಪ, ಮಕ್ಳು ಮರಿ ಅವೆ.” ಕೊನೆಗೆ ಹಾಳೆಯ ಮೇಲೆ ಬಿದ್ದದ್ದು ಒಂದೇ ಸಹಿ, ರಾಮಲಿಂಗಯ್ಯನದು. ಅದೂ ಅಳಿಯನ ಮುಖ ನೋಡಲಾರದೆ.

ಮನೆಗೆ ಬಂದು ಗೋಡೆಗೊರಗಿ ಕುಳಿತ ನಿರಂಜನ್ ಬ್ಯಾಗಿನಿಂದ ಒಂದು ಬಟ್ಟೆ ತೆಗೆದು ಅತ್ತೆಯ ಮಡಿಲಿಗಿಟ್ಟ. ಸಮಿತಿಯ ಸಭೆಯೊಂದರಲ್ಲಿ ಬಾಂಗ್ಲಾದ ಮುದಿ ನೇಕಾರನೊಬ್ಬ ಕೊಟ್ಟಿದ್ದಂತೆ.

ರಾಮಲಿಂಗಯ್ಯನ ಹೆಂಡತಿ ಚನ್ನಾಜಮ್ಮನ ಕಣ್ಣು ಮಂಜಾಗಿ ಆರು ವರ್ಷವಾಗಿತ್ತು. ಆಪರೇಷನ್ ಆದ ಮೇಲೂ ಬೆಳಕು, ನೆರಳು ಬಿಟ್ಟು ಇನ್ನೇನೂ ಕಾಣದು. ಅದಕ್ಕೆ ಮುಂಚೆ ಇಡೀ ಬೀದಿಗೆ ಅವಳೇ ಕೆಚ್ಚುವವಳು. ಮಗ್ಗದ ಮೇಲಿನ ಹಾಸು, ಎಂದರೆ ಉದ್ದದ ನೂಲು, ಮುಗಿದಾಗ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯ ಎಳೆಗಳ ತುದಿಗೆ ಬೂದಿ ಮುಟ್ಟಿದ ಬೆರಳಲ್ಲಿ ಒಂದೊಂದಾಗಿ ಹೊಸೆದು ಕೂಡಿಸುವ ಕೆಲಸ ಅದು. ನಲವತ್ತು ವರ್ಷ ಎಲ್ಲ ಮನೆಯ ಮಗ್ಗದ ಮುಂದೆಯೂ ಕುಳಿತೆದ್ದವಳು. ಕಣ್ಣು ಹೋದ ಮೇಲೆ ಯಾರೂ ಕರೆಯುವುದಿಲ್ಲ, ಏನನ್ನೂ ಕೇಳುವುದಿಲ್ಲ. ಊಟವಾಯಿತೇ ಎಂದು ವಿಚಾರಿಸಿದರೆ ಅದೇ ಹೆಚ್ಚು.

ಅವಳು ಬಟ್ಟೆಯ ಅಂಚಿನುದ್ದಕ್ಕೂ ಬೆರಳು ಆಡಿಸುತ್ತಾ ಹೋಗಿ ಒಂದು ಮೂಲೆಯಲ್ಲಿ ನಿಲ್ಲಿಸಿದಳು. “ಇದ್ರಲ್ಲಿ ಮನೆ ಗುರ್ತದೆ ಕಣ್ರಿ.”

ನಿರಂಜನನಿಗೆ ಅರ್ಥವಾಗಲಿಲ್ಲ. ರಾಮಲಿಂಗಯ್ಯ ವಿವರಿಸಿದ. ಹಿಂದೆ ಸಾಹುಕಾರರು ಹತ್ತಾರು ಮನೆಗಳಿಂದ ಸೀರೆ ಒಯ್ಯುತ್ತಿದ್ದರು. ಕುಂದು ಕಂಡರೆ ಯಾರ ಮಗ್ಗದ್ದು ಎಂದು ತಿಳಿಯಲು ಪ್ರತಿ ಮನೆಯವರೂ ಸೀರೆಯ ಒಳತುದಿಯಲ್ಲಿ ದಪ್ಪ ನೂಲಿನ ಸಣ್ಣ ಸಣ್ಣ ಗೀಟು ಹಾಕಬೇಕಿತ್ತು. ಎರಡು ಗೀಟು ಒಬ್ಬರದು, ಒಂದು ಗೀಟು ಹಾಕಿ ಸ್ವಲ್ಪ ಜಾಗ ಬಿಟ್ಟು ಮೂರು ಗೀಟು ಇನ್ನೊಬ್ಬರದು. ಸಾಹುಕಾರರ ಆ ಕಾಲ ಹೋದರೂ ಕೈಗೆ ಅಂಟಿದ ಅಭ್ಯಾಸ ಹೋಗಲಿಲ್ಲ. ಈಗ ಅದು ಮನೆತನದ ಹೆಮ್ಮೆ.

ಹೇಳುತ್ತಾ ಹೇಳುತ್ತಾ ಅವನು ಬಟ್ಟೆಯ ಆ ಮೂಲೆಯನ್ನು ತನ್ನ ಕೈಗೆ ತೆಗೆದುಕೊಂಡ. ನದಿ, ಬೆಟ್ಟ, ಬೇಲಿ ಎಲ್ಲ ದಾಟಿದರೆ ಅಲ್ಲೊಬ್ಬ ಮುದುಕ. ಅವನೂ ಯಾರದೋ ಬೈಗುಳಕ್ಕೆ ಹೆದರಿ ಗೀಟು ಹಾಕಲು ಕಲಿತು, ಅದನ್ನೇ ಹೆಮ್ಮೆ ಮಾಡಿಕೊಂಡು ಮುದುಕನಾದವನು. ಅಳಿಯನ ಅಷ್ಟೂ ಕರಪತ್ರ ಮಾಡದ ಕೆಲಸವನ್ನು ಆ ಗೀಟು ಮಾಡಿತು.

“ಕಾಗ್ದ ಬ್ಯಾಡ ಕಣ್ಲಾ ನಿರಂಜ. ಬಟ್ಟೆ ನೇಯಾಣ,” ಎಂದ. “ನನ್ ಮಗ್ಗದ ಮೇಲೆ ಒಂದು ಹಾಸು ಕಟ್ತೀನಿ. ಒಂದೊಂದು ಮನೆಯೋರು ಬಂದು ಒಂದೊಂದು ಗೇಣು ನೇಯ್ದು ಅವ್ರವ್ರ ಗುರ್ತು ಆಕ್ಲಿ. ಬ್ಯಾರೆ ದೇಸದೋರೂ ಅಂಗೇ ಮಾಡ್ಲಿ. ಎಲ್ಲಾನೂ ತಕಂಡೋಗಿ ಒಂದಕ್ಕೊಂದು ಒಲ್ದು ದಿಲ್ಲೀಲಿ ತೂಗಾಕು.”

ನಿರಂಜನ್ ಎದ್ದು ಬಂದು ಮಾವನ ಕೈ ಹಿಡಿದುಕೊಂಡ.

ಮರುದಿನದಿಂದ ರಾಮಲಿಂಗಯ್ಯ ಮನೆ ಮನೆ ಹತ್ತಿದ. “ಎಸ್ರಿಲ್ಲ, ನಂಬ್ರಿಲ್ಲ, ಗುರ್ತು ಅಷ್ಟೇ. ಈ ಬೀದಿ ಬುಟ್ರೆ ಅದ್ನ ಓದೋ ನರಪಿಳ್ಳೆ ಇಲ್ಲ. ನಾನ್ ಮಾತು ಕೊಡ್ತೀನಿ.” ನಾಲ್ಕು ಮನೆಯಾಚೆಯ ರೋಜಾ ಬಾಗಿಲಲ್ಲೇ ತಡೆದು ನಿಂತಳು. ಗಂಡ ತೀರಿಹೋಗಿ ಒಂಬತ್ತು ವರ್ಷ, ಒಬ್ಬಳೇ ಮಗ್ಗ ನಡೆಸಿ ಮಗಳು ಇಂಚರಳನ್ನು ಓದಿಸಿದವಳು. “ಅಣ್ಣ, ಇಂಚರಂಗೆ ಗವರ್ಮೆಂಟ್ ಕೆಲ್ಸದ ಆರ್ಡರ್ ಬರೋದ್ರಲ್ಲದೆ. ಪೊಲೀಸ್ನೋರು ಬಂದು ವಿಚಾರುಸ್ಕಂಡೋಗೋದೊಂದು ಬಾಕಿ. ಏನೂ ತೊಂದ್ರೆ ಆಗಕಿಲ್ವಾ?”

“ನಾನಿಲ್ವಾ ರೋಜ,” ಎಂದ ರಾಮಲಿಂಗಯ್ಯ.

ಮೂರು ವಾರ ಅವನ ಮನೆ ಮದುವೆ ಮನೆಯಾಯಿತು. ದಿನಕ್ಕೊಬ್ಬರು ಬಂದು ಗುಂಡಿಗಿಳಿದು ಲಾಳಿ ಎಸೆದರು. ಸಹಿ ಹಾಕದೆ ಓಡಿದ್ದವರೇ ಈಗ ಗುರುತು ನೆಟ್ಟಗೆ ಬಿದ್ದಿದೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಿದರು. ಚೌಡೇಶ್ ತನ್ನ ಗೀಟು ಸೊಟ್ಟಗಾಯಿತೆಂದು ಬಿಚ್ಚಿ ಮತ್ತೆ ನೇಯ್ದ. ಸುಳ್ಳು ಗುರುತು ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬೇರೆ ಯಾರಾದರೂ ಹಾಕುತ್ತಿದ್ದರೇನೋ. ಒಳ್ಳೆಯ ನೇಯ್ಗೆಯ ತುದಿಯಲ್ಲಿ ಇನ್ನೊಬ್ಬರ ಮನೆ ಗುರುತು ಇಡುವುದು ಈ ಜನಕ್ಕೆ ಕನಸಿನಲ್ಲೂ ಹೊಳೆಯುವ ಮಾತಲ್ಲ. ಹದಿನೇಳು ಗೇಣಿನಲ್ಲಿ ಹದಿನೇಳು ಮನೆಯ ನಿಜವಾದ ಗುರುತು ಬಿದ್ದವು. ನಿರಂಜನ್ ಬಟ್ಟೆಯನ್ನು ಮಗುವಿನಂತೆ ಸುತ್ತಿ ಎತ್ತಿಕೊಂಡು ಹೋದ.

ಬಟ್ಟೆ ದಿಲ್ಲಿ ಮುಟ್ಟಿದ್ದು ನಿಜ. ಪ್ರದರ್ಶನ ನಡೆದದ್ದು ಒಂದೇ ದಿನ. ಎರಡನೆಯ ದಿನ ಯಾರೋ ನುಗ್ಗಿ ಕುರ್ಚಿ ಮುರಿದರು, ಬಟ್ಟೆಗಳನ್ನು ಹೊತ್ತುಕೊಂಡು ಹೋದರು. ನಿರಂಜನ್ ಫೋನಿನಲ್ಲಿ ಇಷ್ಟನ್ನೇ ಹೇಳಿದ್ದ. ಆಮೇಲೊಂದು ಬೆಳಿಗ್ಗೆ ಚೌಡೇಶ್ ಬಂದು ತನ್ನ ಫೋನನ್ನು ರಾಮಲಿಂಗಯ್ಯನ ಮುಖಕ್ಕೆ ಹಿಡಿದ. ಅದರಲ್ಲಿ ಅವರದೇ ಬಟ್ಟೆಯ ಚಿತ್ರವಿತ್ತು. ಒಂದೊಂದು ಗುರುತಿನ ಸುತ್ತಲೂ ಕೆಂಪು ಸುತ್ತು, ಪಕ್ಕದಲ್ಲಿ ಒಂದರಿಂದ ಹದಿನೇಳರವರೆಗೆ ಅಂಕಿ. ಕೆಳಗೆ ಕನ್ನಡದಲ್ಲೇ ಬರೆದಿತ್ತು: ‘ದೇಶದ ಗಡಿ ಅಳಿಸಲು ಹೊರಟವರು ಇವರು. ಈ ಗುರುತುಗಳು ಯಾರವು? ಬಲ್ಲವರು ತಿಳಿಸಿ.’

“ಇದು ಮುಳ್ಳೂರು, ಹನೂರು ಎಲ್ಲಾ ಗ್ರೂಪ್ನಲ್ಲೂ ಓಡಾಡ್ತಾ ಅದೆ,” ಎಂದ ಚೌಡೇಶ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ರಾಮಲಿಂಗಯ್ಯನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ನಿರಂಜನನಿಗೆ ಫೋನು ಹಚ್ಚಿದರೆ, “ಮಾವ, ಸ್ವಲ್ಪ ದಿನ ನನಗೆ ಫೋನ್ ಮಾಡಬೇಡಿ,” ಎಂದಷ್ಟೇ ಹೇಳಿ ಇಟ್ಟ. ಮಾರನೆಯ ದಿನದಿಂದ ಅದೂ ಸ್ವಿಚ್ ಆಫ್.

ರಾಮಲಿಂಗಯ್ಯ ಮತ್ತೆ ಮನೆ ಮನೆ ಹತ್ತಿದ. ಬೇರೆ ಮನೆಗಳ ಗುರುತನ್ನೂ ಓದಬಲ್ಲವರು ಬೀದಿಯಲ್ಲಿ ಎಷ್ಟು ಮಂದಿ ಎಂದು ಎಣಿಸಿದ. ಎಲ್ಲ ಹಳಬರೇ, ಒಂಬತ್ತು ಜನ. ಒಬ್ಬೊಬ್ಬರಿಂದಲೂ ಮಗ್ಗ ಮುಟ್ಟಿಸಿ ಮಾತು ತೆಗೆದುಕೊಂಡ. ಯಾರು ಕೇಳಿದರೂ ಗೊತ್ತಿಲ್ಲ ಅನ್ನಬೇಕು, ಹಳೆಯ ಸೀರೆಗಳನ್ನು ಟ್ರಂಕಿನ ತಳಕ್ಕೆ ಹಾಕಬೇಕು. ಇಷ್ಟೆಲ್ಲ ಮಾಡಿದವನು ಮನೆಗೆ ಬಂದು ಹೆಂಡತಿಗೆ ಮಾತ್ರ ಏನೂ ಹೇಳಲಿಲ್ಲ. ಅವಳಿಗೆ ಬಿಪಿ. ಬಟ್ಟೆ ದಿಲ್ಲಿಗೆ ಹೋಯಿತೆಂದು ಎಷ್ಟೋ ವರ್ಷದ ಮೇಲೆ ಹಾಡು ಗುನುಗುತ್ತಿದ್ದಳು. ಆ ಖುಷಿ ಕೆಡಿಸಲು ಮನಸ್ಸಾಗಲಿಲ್ಲ. ಎಲ್ಲಿಗೂ ಹೋಗದವಳು, ಯಾರೂ ಮಾತಾಡಿಸದವಳು, ಅವಳಿಗೇಕೆ ಎಂದುಕೊಂಡ. ಒಂಬತ್ತು ಜನರ ಎಣಿಕೆಯಲ್ಲಿ ಅವಳನ್ನು ಸೇರಿಸಿರಲೂ ಇಲ್ಲ.

ಆ ವಾರ ಬೀದಿಗೆ ಹೊಸ ಮುಖಗಳು ಬಂದವು. ಬೈಕಿನಲ್ಲಿ ಬಂದವನೊಬ್ಬ ಮನೆಗಳ ಫೋಟೋ ತೆಗೆದುಕೊಂಡು ಹೋದ. ಸೀರೆ ಕೊಳ್ಳಬೇಕೆಂದು ರೋಜಾಳ ಮನೆಗೆ ಗಂಡ ಹೆಂಡತಿ ಬಂದರು. ಸಂಜೆ ರೋಜಾ ಬಂದು ಹೇಳಿದಳು. “ಸೆರಗು ನೋಡ್ಲಿಲ್ಲ ಅಣ್ಣ, ಬಣ್ಣ ಕೇಳ್ಲಿಲ್ಲ. ಒಂದೊಂದು ಸೀರೇದೂ ಒಳತುದಿ ಮಗುಚಿ ಮಗುಚಿ ನೋಡುದ್ರು. ಗುರ್ತಿರೋವೆಲ್ಲ ಟ್ರಂಕಲ್ಲಿದ್ದವು, ಆಚೆಗಿದ್ದವು ಗುರ್ತಿಲ್ದವು, ಪುಣ್ಯಕ್ಕೆ.”

ಇನ್ನು ತಡೆಯಲಾರದೆ ಶುಕ್ರವಾರ ಬೆಳಿಗ್ಗೆ ಅವನು ಬಸ್ಸು ಹತ್ತಿ ಯಳಂದೂರಿಗೆ ಹೋದ. ಅಳಿಯನ ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ಪುಟ್ಟಗೌರಮ್ಮ ಸೊಪ್ಪು ಬಿಡಿಸುತ್ತಾ ಕುಳಿತಿದ್ದಳು.

“ನಾಕು ದಿನಾತು ಕಣಪ್ಪ. ಕಾರಲ್ಲಿ ಇಬ್ರು ಬಂದಿದ್ರು. ಮಾತಾಡದದೆ ಬನ್ನಿ ಮೇಷ್ಟ್ರೇ ಅಂತ ಕರ್ಕಂಡೋದ್ರು. ಎಡ್ತಿ ತೌರಿಗೋಗವ್ಳೆ.”

“ಪೊಲೀಸ್ನೋರಾ ಅಕ್ಕ?”

“ಯಾರೋ ಕಾಣೆ. ಬೋ ಮರ್ವಾದಸ್ತರು. ಶೂ ಈಚೆನೇ ಬಿಚ್ಚಿ, ಕಾಲ್ ಒರಸ್ಕಂಡು ಒಳೀಕ್ಕೋದ್ರು. ನನ್ನೂ ಅವ್ವ ಅಂತ್ಲೇ ಮಾತಾಡುಸುದ್ರು.”

ರಾಮಲಿಂಗಯ್ಯ ವಾಪಸು ಬಸ್ಸು ಹತ್ತಿದ. ತಾನು ಸಹಿ ಹಾಕಿದ್ದ ಒಂದೇ ಒಂದು ಹಾಳೆ ಅಳಿಯನ ಬ್ಯಾಗಿನಲ್ಲೇ ಇತ್ತು ಎನ್ನುವುದು ಬಸ್ಸು ಕೊಳ್ಳೇಗಾಲದ ಹತ್ತಿರ ಬರುವಾಗ ನೆನಪಾಯಿತು. ಬರಲಿ, ನನ್ನನ್ನೇ ಕೇಳಲಿ ಎಂದುಕೊಂಡ. ಕೊಂದರೂ ಬಾಯಿ ಬಿಡಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡ. ಆ ಗಟ್ಟಿತನದಲ್ಲಿ ಒಂದಿಷ್ಟು ಸಮಾಧಾನವೂ ಸಿಕ್ಕಿತು.

ಬೀದಿಯ ಬಾಯಲ್ಲಿ ಬಿಳಿ ಕಾರು ನಿಂತಿತ್ತು. ಮಟಮಟ ಮಧ್ಯಾಹ್ನ, ಒಂದು ಮಗ್ಗದ ಸದ್ದೂ ಇಲ್ಲ. ಬಾಗಿಲುಗಳು ಮುಚ್ಚಿದ್ದವು. ಅವನ ಮನೆಯ ಹೊಸ್ತಿಲಾಚೆ ಎರಡು ಜೊತೆ ಕಪ್ಪು ಶೂಗಳನ್ನು ಒಪ್ಪವಾಗಿ ಜೋಡಿಸಿಟ್ಟಿತ್ತು. ಒಳಗಿನಿಂದ ಹೆಂಡತಿಯ ದನಿ ಕೇಳಿಸಿತು, ನಗುನಗುತ್ತಾ ಮಾತಾಡುತ್ತಿದ್ದಳು.

“…ಇದು ಹದ್ನೈದ್ನೇದು. ಎದುರುಮನೆ ಚೌಡೇಶಂದು. ಅವ್ರಪ್ಪನ ಕಾಲ್ದಲ್ಲಿ ನಾಕು ಗೀಟಿತ್ತು, ಅಣ್ಣತಮ್ಮ ಭಾಗ ಆದ್ಮೇಲೆ ಇವ್ನು ಎರಡು ಇಟ್ಕಂಡ.”

ರಾಮಲಿಂಗಯ್ಯ ಒಳಗೆ ಕಾಲಿಟ್ಟ. ಚನ್ನಾಜಮ್ಮ ಚಾಪೆಯ ಮೇಲೆ ಕುಳಿತಿದ್ದಳು, ಆ ಬಟ್ಟೆ ಅವಳ ಮಡಿಲಲ್ಲಿ. ಎದುರಿಗೆ ಇಸ್ತ್ರಿ ಅಂಗಿಯ ಇಬ್ಬರು ನೆಲದ ಮೇಲೆಯೇ ಕಾಲು ಮಡಚಿ ಕುಳಿತಿದ್ದರು. ಒಬ್ಬ ಬರೆದುಕೊಳ್ಳುತ್ತಿದ್ದ. ಅವರ ನಡುವೆ ನೆಲದ ಮೇಲೆ ಒಂದು ಫೋನು, ಅದರಲ್ಲಿ ರೆಕಾರ್ಡಿಂಗಿನ ಕೆಂಪು ಚುಕ್ಕೆ. ಪಕ್ಕದಲ್ಲಿ ಅವಳೇ ತಡಕಾಡಿ ಮಾಡಿಕೊಟ್ಟಿದ್ದ ಕಾಫಿಯ ಲೋಟಗಳು.

“ಬಂದ್ರಾ?” ಎಂದಳು ಹೆಜ್ಜೆಯ ಸದ್ದಿಗೆ. “ನೋಡಿ, ದಿಲ್ಲಿಯಿಂದ ಬಂದವ್ರೆ. ನಮ್ ಬಟ್ಟೇನ ಗಾಜಿನ ಪೆಟ್ಗೇಲಿಟ್ಟು ಬೋರ್ಡ್ ಆಕ್ತಾರಂತೆ, ಯಾವ್ಯಾವ ಮನೆಯೋರು ನೇಯ್ದದ್ದು ಅಂತ. ಎಸ್ರು ಗೊತ್ತಿಲ್ದೆ ಪಾಪ ಎಂಗಾಕಾರು? ನಾನೇ ಏಳ್ತಾ ಇವ್ನಿ.”

“ನಮಸ್ಕಾರ ಯಜಮಾನರೇ,” ಎಂದು ಇಬ್ಬರಲ್ಲಿ ಹಿರಿಯ ಎದ್ದು ಕೈ ಮುಗಿದ. “ಅವ್ವನ ಕೈಯಲ್ಲಿ ವಿದ್ಯೆ ಇದೆ. ನಾವು ಎರಡು ವಾರದಿಂದ ಒದ್ದಾಡಿದ್ದು, ಅವ್ವ ಅರ್ಧ ಗಂಟೆಯಲ್ಲಿ ಮುಗಿಸ್ತಾ ಇದ್ದಾರೆ.”

ಅವನು ಬಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ಬಂದಿದ್ದ ಮನಸ್ಸು ಯಾವ ಕೆಲಸಕ್ಕೂ ಬರಲಿಲ್ಲ. ಬಟ್ಟೆ ಕಿತ್ತುಕೊಳ್ಳೋಣವೆಂದರೆ ಹದಿನೈದು ಹೆಸರು ಆಗಲೇ ಪುಸ್ತಕದಲ್ಲಿತ್ತು. ಇನ್ನು ಉಳಿದದ್ದು ಒಂದೇ ದಾರಿ. ಅದು ಹೊಳೆದ ಗಳಿಗೆಯಲ್ಲೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

“ಸ್ವಾಮಿ, ಇವಳ ಮಾತು ನಂಬ್ಬ್ಯಾಡಿ,” ಎಂದ. “ಇವಳಿಗೆ ತಲೆ ನೆಟ್ಟಗಿಲ್ಲ. ಕಣ್ಣೋದ್ಮೇಲೆ ಬುದ್ಧೀನೂ ಓಯ್ತು. ಬಾಯಿಗೆ ಬಂದ ಎಸ್ರು ಏಳ್ತಾಳೆ. ಸತ್ತೋರ್ನೂ ಇದ್ದಾರೆ ಅಂತಾಳೆ. ನಾವ್ಯಾರೂ ಇವಳ ಮಾತು ಕಿವೀಗಾಕಳಲ್ಲ.”

ಚನ್ನಾಜಮ್ಮನ ಬೆರಳು ಬಟ್ಟೆಯ ಮೇಲೆ ನಿಂತಿತು. ಮುಖ ಅವನ ದನಿಯತ್ತ ತಿರುಗಿತು. ನಲವತ್ತೇಳು ವರ್ಷದ ಸಂಸಾರದಲ್ಲಿ ಅವನು ಹೊಡೆದಿರಲಿಲ್ಲ, ನಾಲ್ಕು ಜನರ ಮುಂದೆ ಒಂದು ಕೆಟ್ಟ ಮಾತು ಆಡಿರಲಿಲ್ಲ. ಒಂದು ಗಳಿಗೆ ಅವಳು ಅರ್ಥ ಮಾಡಿಕೊಂಡಾಳು ಎಂದು ಅವನು ಆಸೆಪಟ್ಟ. ಕೈ ಹಿಸುಕಿ ಹೇಳೋಣವೆಂದರೆ ನಡುವೆ ಅವರಿಬ್ಬರು.

“ನಂಗೆ ಬುದ್ಧಿ ಓಯ್ತಾ?” ಎಂದಳು ಮೆಲ್ಲಗೆ. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ಬಂದವರ ಕಡೆ ತಿರುಗಿ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು. “ಹದ್ನಾರ್ನೇದು ರೋಜಂದು. ಇಲ್ಲಿಂದ ನಾಕನೇ ಮನೆ. ಒಂದು ಬುಟ್ಟು ಮೂರು ಗೀಟು, ಬಲದ ಅಂಚಿಗೆ. ಅವಳ ಗಂಡ ಎಡಚ, ಅದ್ಕೇ ಬಲಕ್ಕೆ. ಮಗಳ ಎಸ್ರು ಇಂಚರ, ಈಗ ಗವರ್ಮೆಂಟ್ ಕೆಲ್ಸ ಆಯ್ತದೆ ಅವಳ್ಗೆ. ಹದ್ನೇಳ್ನೇದು ನಮ್ದು, ಇಗೋ ಈ ನನ್ ಗಂಡಂದು. ನಾನು ತಪ್ಪು ಏಳಿದ್ರೆ ಆ ಮನೆಯೋರ್ನೇ ಕರ್ಸಿ ಕೇಳಿ.”

“ಕರೆಸ್ತೀವಿ ಅವ್ವ,” ಎಂದ ಹಿರಿಯ. “ಒಬ್ಬೊಬ್ಬರನ್ನಾಗಿ ಎಲ್ಲರನ್ನೂ ಕರೆಸ್ತೀವಿ.”

ಅವನು ಫೋನು ಎತ್ತಿಕೊಂಡ. ಇನ್ನೊಬ್ಬ ಬಟ್ಟೆಯನ್ನು ಮಡಿಕೆ ತಪ್ಪದಂತೆ ಮಡಚಿದ. ಹೊರಡುವ ಮುಂಚೆ ಇಬ್ಬರೂ ಬಗ್ಗಿ ಚನ್ನಾಜಮ್ಮನ ಕಾಲು ಮುಟ್ಟಿ ನಮಸ್ಕರಿಸಿದರು. ಅವಳು ಹಣೆಬರಹ ಚೆನ್ನಾಗಿರಲಿ ಎಂದು ಹರಸಿದಳು. “ನಾಳೆ ಊರು ಬಿಟ್ಟು ಎಲ್ಲಿಗೂ ಹೋಗಬೇಡಿ ಯಜಮಾನರೇ,” ಎಂದು ಶೂ ಹಾಕಿಕೊಳ್ಳುತ್ತಾ ಹಿರಿಯ ಹೇಳಿದ. ಬಸ್ಸಿನಲ್ಲಿ ಜಾಗ ಕೇಳುವಷ್ಟು ಸಾಧಾರಣವಾಗಿ ಹೇಳಿದ.

ಕಾರು ಹೊರಟ ಸದ್ದು ಬಂತು. ಬೀದಿಯೊಳಗೆ ಸ್ವಲ್ಪ ದೂರ ಬಂದು ಅದು ಮತ್ತೆ ನಿಂತಿತು. ಬಾಗಿಲು ತಟ್ಟಿದ ಸದ್ದು, ರೋಜಾ ಯಾರು ಎಂದು ಕೇಳಿದ ಸದ್ದು, ಎರಡೂ ಸ್ಪಷ್ಟವಾಗಿ ಕೇಳಿದವು.

ರಾಮಲಿಂಗಯ್ಯ ಚಾಪೆಯ ಮೇಲೆ ಹೆಂಡತಿಯ ಪಕ್ಕದಲ್ಲಿ ಕುಳಿತ. ಚನ್ನಾಜಮ್ಮ ಖಾಲಿ ಮಡಿಲಿನ ಮೇಲೆ ಕೈಯಿಟ್ಟುಕೊಂಡು ಅಳುತ್ತಿದ್ದಳು.

“ಬಂದೋರ ಮುಂದೆ ನಂಗೆ ಬುದ್ಧಿ ಇಲ್ಲ ಅಂದ್ರಲ್ಲ,” ಎಂದಳು. “ನೀವೇ ಏಳಿ, ನಾನು ಒಂದಾದ್ರೂ ತಪ್ಪು ಏಳಿದ್ನಾ?”

“ಇಲ್ಲ ಕಣೆ,” ಎಂದ ರಾಮಲಿಂಗಯ್ಯ. “ಒಂದೂ ತಪ್ಪಿಲ್ಲ.”